ಯಾರದೂ ಅಲ್ಲದ ಮಣ್ಣು

ಮೊನ್ನೆ ರಾಣೆಬೆನ್ನೂರಿನಿಂದ ಹಾವೇರಿಗೆ ಬರುವಾಗ ಹೆದ್ದಾರಿಯ ಒಂದು ಕ್ರಾಸಿನಲ್ಲಿ ನಮ್ಮ ಬಸ್ಸು ಗಕ್ಕನೆ ನಿಂತಿತು. ಎದುರಿಗೆ ಹದಿನಾರು ಗಾಲಿಯ ಲಾರಿಯೊಂದು ಅಡ್ಡ ತಿರುಗುತ್ತಿತ್ತು. ನಮ್ಮ ಡ್ರೈವರ್ ಅದರ ವಂಶವನ್ನೆಲ್ಲ ಎತ್ತಿ ಬೈದ. ಕಿಟಕಿಯಿಂದ ಬ್ರೇಕ್ ಸುಟ್ಟ ವಾಸನೆ ಒಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು, ನಾನು ಹಿಡಿಯಲಿಲ್ಲ. ಆ ವಾಸನೆಯಲ್ಲಿ ನನ್ನದೊಂದು ಇಡೀ ವರ್ಷ ಇದೆ. ನಾಲ್ಕು ಪಥದ ರಸ್ತೆ ಆರು ಪಥ ಆಗುತ್ತದಂತೆ ಎಂಬ ಸುದ್ದಿ ಊರೂರಿಗೆ ಹಬ್ಬಿ, ದಂಡೆಯ ಹೊಲದವರ ನಿದ್ದೆ ಹಾರಿಹೋಗಿದ್ದ ವರ್ಷ ಅದು.

ಆ ಕ್ರಾಸ್ ಬ್ಯಾಡಗಿ ತಾಲೂಕಿಗೆ ಸೇರಿದ್ದು ಅಂತಷ್ಟೇ ಹೇಳುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಒಂದು ಸಲ ಬಾಯಿ ಬಿಟ್ಟು ಆದ ಅನಾಹುತವೇ ಸಾಕು.

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಮೇಲಾಗಿ ಹಾವೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ, ಹೀಗಾಗಿ ಆ ಬುದ್ಧಿಗೆ ಸಂಬಳವೂ ಸಿಕ್ಕಿತು. "ನಿನ್ನ ಕೈಯಾಗ ಅಮೃತ ಕೊಟ್ರೂ ಮೊದಲ ಲಿಟ್ಮಸ್ ಪೇಪರ್ ಹಾಕಿ ನೋಡತಿ," ಎಂದು ನನ್ನ ಗಂಡ ಅನ್ವರ್ ಹಂಗಿಸುತ್ತಾರೆ. ಇರಲಿ, ನೋಡುವುದೇ.

ರಸ್ತೆಯ ಮಣ್ಣಿನ ಹುಚ್ಚು ಹತ್ತಿದ್ದು ಅಬ್ಬಾನಿಂದ, ಅಂದರೆ ನನ್ನ ಅಪ್ಪನಿಂದ. ರಾಣೆಬೆನ್ನೂರಿನ ಹಳೇ ರಸ್ತೆಯಲ್ಲಿ ಅವರದು ಟೈರಿನ ಅಂಗಡಿ. ಗಾಲಿ ಅಲುಗಾಡದಂತೆ ಅಂಚಿಗೆ ಸಣ್ಣ ಸೀಸದ ತುಂಡು ಬಡಿಯುತ್ತಿದ್ದರು. ಅವು ಕಿತ್ತು ರಸ್ತೆಗೆ ಬೀಳುತ್ತಿದ್ದವು, ಗಾಲಿಗಳು ಅರೆಯುತ್ತಿದ್ದವು, ಜನ ಮತ್ತೆ ಬಂದು ಹೊಸ ತುಂಡು ಬಡಿಸಿಕೊಂಡು ಹೋಗುತ್ತಿದ್ದರು. ಬಿದ್ದದ್ದು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಈಗ ಪೆಟ್ರೋಲಿನಲ್ಲಿ ಸೀಸ ಇಲ್ಲ, ಖರೆ. ಹಿಂದಿನ ಹೊಗೆಯಲ್ಲಿದ್ದ ಸೀಸ? ಅದು ಮಳೆಗೆ ತೊಳೆದುಹೋಗುವ ಜಾತಿಯದಲ್ಲ, ಬಿದ್ದಲ್ಲೇ ಕೂರುತ್ತದೆ. ಟೈರು ಸವೆದರೆ ಸತು, ಬ್ರೇಕು ಸವೆದರೆ ತಾಮ್ರ, ಎಲ್ಲ ದಂಡೆಗೇ. ಕಾಲೇಜಿನಿಂದ ಒಂದು ಸಣ್ಣ ಸಂಶೋಧನೆಗೆ ಒಪ್ಪಿಗೆ ಸಿಕ್ಕಿದಾಗ ನಾನು ಇದನ್ನೇ ಹಿಡಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಹೆದ್ದಾರಿಗೆ ಹತ್ತಿದ ಒಂದೊಂದು ಹೊಲ ಆರಿಸುವುದು, ರಸ್ತೆಯಿಂದ ಐದು ಹೆಜ್ಜೆ, ಐವತ್ತು ಹೆಜ್ಜೆ, ಇನ್ನೂರು ಹೆಜ್ಜೆ ದೂರದ ಮೇಲ್ಮಣ್ಣು ತೆಗೆಯುವುದು, ಧಾರವಾಡದಲ್ಲಿ ಪರೀಕ್ಷೆ ಮಾಡಿಸುವುದು.

ಹಾವೇರಿ ಕಡೆ ಮತ್ತು ರಾಣೆಬೆನ್ನೂರು ಕಡೆ ಎರಡೂ ಹೊಲ ಸುಸೂತ್ರ ಮುಗಿದವು. ನಡುವಿನದು ಫಕ್ಕೀರಪ್ಪನ ಹೊಲ. ಶ್ರಾವಣದ ಜಿಟಿಜಿಟಿ ಮಳೆ. ರಸ್ತೆಗೆ ಹತ್ತಿಕೊಂಡು ಮೆಂತ್ಯ, ಕೊತ್ತಂಬರಿಯ ಪಟ್ಟಿ, ಅದರ ಹಿಂದೆ ಮೆಣಸಿನ ಗಿಡ, ಬದಿಗೆ ಹಂಚಿನ ಮನೆ. ನಾನು ಟೇಪು ಬಿಚ್ಚಿ ಗೂಟ ಊರುವುದಕ್ಕೂ ಅವನು ಓಡಿ ಬರುವುದಕ್ಕೂ ಸರಿಹೋಯಿತು.

"ಏ ಮ್ಯಾಡಂ, ಯಾರ್ ನೀವು? ಟೇಪ್ ಯಾಕ ಹಿಡದೀರಿ?"

"ಕಾಲೇಜಿನಿಂದ ಬಂದೇನ್ರಿ ಅಣ್ಣಾರ. ಮಣ್ಣು ಪರೀಕ್ಷಾ ಮಾಡಾಕ."

"ಅವರೂ ಹಂಗ ಅಂದಿದ್ರು. ಮೊದಲ ಮಣ್ಣ ಒಯ್ದ್ರು, ಆಮ್ಯಾಲೆ ಅರ್ಧ ಎಕರೆ ಒಯ್ದ್ರು. ನಿಮ್ಮನ್ನ ರೋಡಿನವರು ಕಳಿಸ್ಯಾರ, ಹೌದಿಲ್ಲೋ?"

ನನ್ನ ಗುರುತಿನ ಚೀಟಿ ಇಸಿದುಕೊಂಡು "ಶಾಹಿದಾ" ಎಂದು ಗಟ್ಟಿಯಾಗಿ ಓದಿದ. ಚೀಟಿಯ ಫೋಟೋ ಹೊಡೆದುಕೊಂಡ, ಆಮೇಲೆ ನನ್ನದೂ ಒಂದು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಬೆರಳಚ್ಚನ್ನೂ ತೆಗೆದುಕೊಳ್ಳುತ್ತಿದ್ದೆ.

ಕಡೆಗೆ ಬಿಡಿಸಿದವಳು ಅವನ ತಾಯಿ ಗೌರವ್ವ. ಎಪ್ಪತ್ತು ದಾಟಿದ ಗಟ್ಟಿ ಜೀವ. "ಮಳ್ಯಾಗ ನಿಂದ್ರಿಸಿ ಏನ್ ಪಂಚಾಯ್ತಿ ಹಚ್ಚೀದೋ? ಒಂದ ಬೊಗಸಿ ಮಣ್ಣ ಒಯ್ದ್ರ ಹೊಲಾ ತೆಗ್ಗು ಬೀಳತೈತೇನು? ಬಾ ಯವ್ವಾ, ಚಹಾ ಕುಡಿ," ಎಂದು ಒಳಗೆ ಕರೆದಳು.

ಮೂರೂ ಕಡೆ ಮಣ್ಣು ತೆಗೆದೆ. ಆದರೆ ಅದು ಕೈಗೆ ಮೆತ್ತುವಷ್ಟು ಹಸಿ. ನೆರಳಲ್ಲಿ ಒಣಗದೆ ಪರೀಕ್ಷೆಗೆ ಕೊಡುವಂತಿಲ್ಲ. ಹಸಿ ಮಣ್ಣಿನ ಚೀಲ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ಇಳಿಸಿಯೇ ಬಿಡುತ್ತಾನೆ. "ನಮ್ಮ ಪಡಸಾಲ್ಯಾಗ ಹರವಿ ಹೋಗು. ನಾಕ ದಿನ ಬಿಟ್ಟು ಬಾ, ನಾ ನೋಡಿಕೋತೇನಿ," ಎಂದಳು ಗೌರವ್ವ. ಹಳೇ ಪೇಪರಿನ ಮೇಲೆ ಮೂರು ಗುಪ್ಪೆ ಹರವಿ, ಪ್ರತಿಯೊಂದಕ್ಕೂ ಚೀಟಿ ಇಟ್ಟು ಬಂದೆ.

ನಾಲ್ಕು ದಿನ ಬಿಟ್ಟು ಹೋದರೆ ಎಲ್ಲ ತಯಾರಾಗಿತ್ತು. ಮೂರು ಚೀಲ ಕಟ್ಟಿ, ಚೀಟಿಯನ್ನು ದಾರಕ್ಕೆ ಸಿಗಿಸಿ ಸಾಲಾಗಿ ಇಟ್ಟಿದ್ದಳು. ಬಿಚ್ಚಿ ನೋಡಿದರೆ ಹಿಟ್ಟಿನಂಥ ನಯವಾದ ಮಣ್ಣು.

"ಜರಡಿ ಹಿಡದೀರೇನ್ರಿ ಅವ್ವಾರ?"

"ಹೂಂ ಯವ್ವಾ, ಹಳ್ಳು ಆರಿಸೇನಿ. ನಿನಗ ತ್ರಾಸ್ ಆಗಬಾರದಂತ."

ಬಣ್ಣ ಚೂರು ಮಾಸಿದಂತಿತ್ತು. ಒಣಗಿದ್ದಕ್ಕೆ ಇರಬೇಕು ಎಂದುಕೊಂಡೆ. ಹಾಲಿಗೆ ಬೆರಳದ್ದುವ ನಾನು ಆ ದಿನ ಆ ಮುದುಕಿಯ ಕೈ ಹಿಡಿದು "ಶುಕ್ರಿಯಾ" ಎಂದು ಎರಡು ಸಲ ಹೇಳಿ ಬಸ್ಸು ಹತ್ತಿದೆ.

ದೀಪಾವಳಿ ಮುಗಿದ ಮೇಲೆ ಫಲಿತಾಂಶ ಬಂತು. ಹಾವೇರಿಯದೂ ರಾಣೆಬೆನ್ನೂರಿನದೂ ನಾನು ಎಣಿಸಿದಂತೆಯೇ ಇದ್ದವು. ದಂಡೆಯಲ್ಲಿ ಸೀಸ, ಸತು, ತಾಮ್ರ ಜೋರು, ಹೊಲದ ಒಳಗೆ ಹೋದಂತೆ ಇಳಿಮುಖ, ಇನ್ನೂರು ಹೆಜ್ಜೆಗೆ ಸಾಮಾನ್ಯ ಮಣ್ಣು. ಫಕ್ಕೀರಪ್ಪನದು ಮಾತ್ರ ಇಳಿಯಲೇ ಇಲ್ಲ. ಮೂರೂ ಚೀಲ ಒಂದೇ ಸಮ, ಅದೂ ಉಳಿದ ಎರಡು ಹೊಲಗಳ ದಂಡೆಗಿಂತ ಮೇಲೆ. ಇನ್ನೂರು ಹೆಜ್ಜೆ ದೂರದ ಮೆಣಸಿನ ಗಿಡದ ಬುಡದಲ್ಲಿ ಅಷ್ಟು ಸೀಸ ಎಲ್ಲಿಂದ ಬರಬೇಕು?

ಆಗ ನನ್ನ ತಲೆ ಶುರುವಾಯಿತು. ಮೊದಲು ಪ್ರಯೋಗಾಲಯದವರ ಮೇಲೆ ಸಂಶಯ, ಚೀಟಿ ಅದಲುಬದಲು ಮಾಡಿರಬೇಕು ಅಂತ. ಉಳಿಸಿಟ್ಟ ಮಣ್ಣನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದರೂ ಅದೇ ಬಂತು. ಆಮೇಲೆ ಫಕ್ಕೀರಪ್ಪನ ಮೇಲೆ. ಅವನ ಮನೆಯ ಹಿಂದೆ ತಾಡಪತ್ರಿ ಮುಚ್ಚಿದ ಒಂದು ಕರೀ ಗುಡ್ಡೆ ನೋಡಿದ್ದೆ. ಯಾವುದೋ ಕಾರ್ಖಾನೆಯ ಬೂದಿ ತರಿಸಿ ಹೊಲಕ್ಕೆ ಹಾಕುತ್ತಾನೋ? ರೊಕ್ಕ ತಗೊಂಡು ಯಾರದೋ ಹೊಲಸನ್ನು ಸುರಿಸಿಕೊಳ್ಳುತ್ತಾನೋ? ಅವನನ್ನೇ ಕೇಳಬಹುದಿತ್ತು. ಆದರೆ ಸಂಶಯದವರಿಗೆ ನೆಟ್ಟಗಿನ ದಾರಿ ಕಾಣುವುದಿಲ್ಲ. ಕ್ರಾಸಿನಲ್ಲಿ ಇಳಿದವಳು ಮೊದಲು ಚಹಾದಂಗಡಿ ರುದ್ರಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಫಕ್ಕೀರಪ್ಪಣ್ಣನ ಹೊಲಕ್ಕ ಟ್ಯಾಂಕರ್, ಟಿಪ್ಪರ್ ಏನಾರ ಬರತಾವೇನ್ರಿ?"

"ಯಾಕ್ರಿ ಮ್ಯಾಡಂ? ಏನ್ ಸಿಕ್ತು ಮಣ್ಣಾಗ?"

"ಏನಿಲ್ಲ, ಸೀಸ ಜಾಸ್ತಿ ಕಾಣತೈತಿ. ಸುಮ್ನ ಕೇಳಿದೆ."

ಚಹಾದಂಗಡಿಯಲ್ಲಿ ಸುಮ್ಮನೆ ಕೇಳುವುದು ಎಂಬುದು ಇಲ್ಲ. ಅಲ್ಲಿಂದ ಹೊಲಕ್ಕೆ ಹೋಗಿ ಆ ಕರೀ ಗುಡ್ಡೆಯ ಮಾತು ತೆಗೆದೆ. ಫಕ್ಕೀರಪ್ಪ ತಾಡಪತ್ರಿ ಎಳೆದು ತೋರಿಸಿದ. ತಿಪ್ಪೆಗೊಬ್ಬರ, ವರ್ಷವಿಡೀ ಕೊಳೆತು ಕಪ್ಪಾಗಿತ್ತು. "ಮೂಸಿ ನೋಡ್ರಿ. ಬೇಕಾದ್ರ ಇದನ್ನೂ ಚೀಲದಾಗ ಹಾಕಿಕೊಂಡು ಹೋಗ್ರಿ," ಎಂದ. ನನ್ನ ಮುಖ ಸಣ್ಣದಾಯಿತು.

ಹತ್ತು ದಿನಕ್ಕೆ ಅವನ ಫೋನು ಬಂತು. ಊರ ತುಂಬ "ಫಕ್ಕೀರಪ್ಪನ ಹೊಲದಾಗ ವಿಷ ಐತಂತ" ಅನ್ನುವ ಮಾತು. ಹೆದ್ದಾರಿಯ ಡಾಬಾದವರು ದಿನಾ ಒಯ್ಯುತ್ತಿದ್ದ ಮೆಂತ್ಯ, ಕೊತ್ತಂಬರಿ ನಿಲ್ಲಿಸಿದ್ದರು. ಹಾವೇರಿ ಸಂತೆಯಲ್ಲಿ ಗುರುತಿನ ಹೆಂಗಸರು ಅವನ ಹೆಂಡತಿಯ ಬುಟ್ಟಿ ದಾಟಿ ಮುಂದೆ ಹೋಗುತ್ತಿದ್ದರು. ಗಿಡದಲ್ಲಿ ಮೆಣಸಿನಕಾಯಿ ಕೆಂಪಗಾಗುತ್ತಿತ್ತು. ಇನ್ನೆರಡು ತಿಂಗಳಿಗೆ ಅದು ಬ್ಯಾಡಗಿ ಪೇಟೆಗೆ ಹೋಗಬೇಕು, ಈ ಹೆಸರು ಅಲ್ಲಿಗೂ ಹೋದರೆ ಮನೆತನಕ್ಕೆ ಉಳಿಯುವುದು ಏನು?

"ಈಗ ತಿಳೀತ್ರಿ ನಿಮ್ಮ ಆಟ," ಎಂದ. "ಹೊಲಕ್ಕ ಕೆಟ್ಟ ಹೆಸರ ಹಚ್ಚೂದು, ಬೆಲಿ ಇಳಸೂದು, ಆಮ್ಯಾಲೆ ರೋಡಿಗೆ ಅಗ್ಗಾ ಒಯ್ಯೂದು. ಎಷ್ಟ ಕೊಟ್ಟಾರ ನಿಮಗ?"

ನಾನು ಏನು ಹೇಳಿದರೂ ಅದು ಕಳ್ಳಿಯ ಮಾತಿನಂತೆಯೇ ಕೇಳುತ್ತಿತ್ತು. ಅವನ ಮೇಲೆ ನಾನು ಹೊರಿಸಿದ್ದನ್ನೇ ಅವನು ನನ್ನ ಮೇಲೆ ಹೊರಿಸಿದ್ದ.

ಕಾರ್ತಿಕದ ಕೊನೆಗೆ, ಛಟ್ಟಿ ಅಮಾವಾಸ್ಯೆಯ ಆಸುಪಾಸು, ಮತ್ತೊಮ್ಮೆ ಮಣ್ಣು ತೆಗೆಯುತ್ತೇನೆ ಎಂದು ಕೇಳಿಕೊಂಡು ಹೋದೆ. ಫಕ್ಕೀರಪ್ಪ ಬದುವಿನ ಮೇಲೆಯೇ ನಿಂತಿದ್ದ. "ಒಂದ ಹೆಜ್ಜಿ ಒಳಗ ಇಟ್ರ ನಾ ಸುಮ್ನಿರೂದಿಲ್ಲ ನೋಡ್ರಿ," ಎಂದ. ಕ್ರಾಸಿಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತೆ. ಅಷ್ಟರಲ್ಲಿ ಗೌರವ್ವ ಏದುಸಿರು ಬಿಡುತ್ತಾ ಹಿಂದಿನಿಂದ ಬಂದು ನನ್ನ ಮುಂಗೈ ಹಿಡಿದಳು.

"ಯವ್ವಾ, ನಿನ್ನ ಚೀಲದಾಗ ಇದ್ದದ್ದು ನಮ್ಮ ಹೊಲದ ಮಣ್ಣಲ್ಲ."

ಲಾರಿಗಳ ಸದ್ದಿನಲ್ಲಿ ನಾನು ತಪ್ಪು ಕೇಳಿದೆನೋ ಅಂದುಕೊಂಡೆ. ಅವಳು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಕ್ಕರಿಸಿ ಎಲ್ಲ ಹೇಳಿದಳು.

ನಾನು ಮಣ್ಣು ತೆಗೆದ ದಿನ ಶ್ರಾವಣ ಶುಕ್ರವಾರವಂತೆ. ಶುಕ್ರವಾರ ಹೊಲದ ಮಣ್ಣನ್ನು ಪರರ ಕೈಗೆ ಕೊಟ್ಟರೆ ಲಕ್ಷ್ಮೀ ಹಿಂದೆಯೇ ಎದ್ದು ಹೋಗುತ್ತಾಳೆ. ಅದಾದರೂ ಹೋಗಲಿ. ಹಿಂದೆ ರಸ್ತೆಯವರು ನಂಬರು ಬರೆದ ಚೀಲದಲ್ಲಿ ಮಣ್ಣು ಒಯ್ದಾಗಲೂ ಅವಳೇ ಚಹಾ ಕೊಟ್ಟಿದ್ದಳು, ಮುಂದಿನ ವರ್ಷ ಅರ್ಧ ಎಕರೆ ಹೋಯಿತು. ನನ್ನ ಚೀಟಿಗಳಲ್ಲೂ ನಂಬರು ಇದ್ದವು. ಎದುರಿಗೆ ಬೇಡ ಅನ್ನುವುದಕ್ಕೆ ದಾಕ್ಷಿಣ್ಯ. ನಾನು ಆ ಕಡೆ ಹೋದದ್ದೇ ಮೂರೂ ಗುಪ್ಪೆಯನ್ನು ಬುಟ್ಟಿಗೆ ತುಂಬಿ, ಮತ್ತೆ ಹೊಲಕ್ಕೇ ಚೆಲ್ಲಿ ಕೈಮುಗಿದು, ಬೇರೆ ಮಣ್ಣು ಹರವಿ ಇಟ್ಟಿದ್ದಳು.

"ಎಲ್ಲೀ ಮಣ್ಣು ಅವ್ವಾರ ಅದು?"

"ಇದ, ರೋಡಿನ ದಂಡೀದು. ಅದು ಯಾರದೂ ಅಲ್ಲಲ್ಲ ಯವ್ವಾ. ಅದು ಹೋದ್ರ ಯಾರದ ಏನ್ ಹೋತು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹತ್ತಿರ ಒಂದು ತಿಂಗಳಿಂದ ಊರ ಮಂದಿಯ ಮೇಲೆಲ್ಲ ಸಂಶಯ ಪಟ್ಟಿದ್ದೆ, ಚಹಾ ಕೊಟ್ಟ ಕೈಯೊಂದನ್ನು ಬಿಟ್ಟು. ಹೊಲವನ್ನು ಕಾಯಲು ಹೋಗಿ ಅವಳೇ ಹೊಲಕ್ಕೆ ವಿಷದ ಹೆಸರು ಹಚ್ಚಿದ್ದಳು. ಆದರೂ ಎದೆ ಹಗುರಾಯಿತು.

"ಹಂಗಾರ ನಮ್ಮ ಹೊಲಾ ಚೊಲೋ ಇರಬೇಕು, ಹೌದಿಲ್ಲೋ?" ಅವಳ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

"ಇರಬೇಕ್ರಿ. ಆದ್ರ ಅಂಥಾ ಮಳ್ಯಾಗ ಅಷ್ಟು ನುಣ್ಣಗಿನ ಒಣ ಮಣ್ಣು ಎಲ್ಲಿ ಸಿಕ್ತು ನಿಮಗ?"

"ಅಯ್ಯ, ಅದು ಮನ್ಯಾಗ ಇದ್ದ ಇರತೈತಿ. ಗಾಲಿ ಅರದು ಅರದು ಹಿಟ್ಟ ಆಗಿರತೈತಿ ನೋಡು, ಜರಡಿ ಹಿಡಿಯೂ ಕೆಲಸಿಲ್ಲ. ಊರಾಗಿನ ಹೆಣಮಕ್ಕಳೆಲ್ಲಾ ಬ್ಯಾಸಗ್ಯಾಗ ಬಳಕೊಂಡು ಬಂದು ಗಡಗಿ ತುಂಬಿ ಇಟ್ಟಿರತೇವಿ. ಹೆಂಡಿ ಕೂಡ ಕಲಸಿ ಸಾರಿಸಿದ್ರ ನೆಲಾ ಬಿರಿಯೂದಿಲ್ಲ."

"ಯಾವ ನೆಲಾ?"

"ಕಣ. ಮೆಣಸಿನಕಾಯಿ ಒಣಗಿಸೂ ಕಣ. ನಿನ್ನೆನ ಸಾರಿಸಿ, ಮುಂಜಾನೆ ಮೊದಲನೇ ಸಲ ಬಿಡಿಸಿದ ಕಾಯಿ ಹರವೇವಿ."

ಹಾವೇರಿಯ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಇಬ್ಬರೂ ಹಿಂದಕ್ಕೆ ನಡೆದೆವು. ನನ್ನನ್ನು ನೋಡಿ ಫಕ್ಕೀರಪ್ಪ ಬಾಯಿ ತೆಗೆಯುವಷ್ಟರಲ್ಲಿ ಅವನ ತಾಯಿಯೇ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ತಲೆಯ ಮೇಲಿನ ಟವೆಲ್ ತೆಗೆದು ಬದುವಿನ ಮೇಲೆ ಕೂತುಬಿಟ್ಟ.

"ಯವ್ವಾ, ನನ್ನ ಹೊಲದ ಮಾನ ನೀನ ಕಳದ್ಯಲ್ಲ!"

"ಕಳೀಬಾರದಂತನ ಮಾಡಿದ್ನೋ ಮಗನ," ಎಂದಳು ಗೌರವ್ವ, ಮತ್ತು ಅತ್ತಳು. ಆ ಮುದುಕಿ ಅಳುವುದನ್ನು ಅವನೂ ನೋಡಿರಲಿಲ್ಲವೇನೋ, ಎದ್ದು ಕಣದ ಕಡೆ ನಡೆದ.

ಕಣದಲ್ಲಿ ಕೆಂಪು ಕಾಯಿ ಹರವಿತ್ತು. ಸಾರಿಸಿದ ನೆಲ ಇನ್ನೂ ಪೂರ್ತಿ ಆರಿರಲಿಲ್ಲ, ಕಾಯಿಗೆ ಅಲ್ಲಲ್ಲಿ ಮಣ್ಣು ಹತ್ತಿತ್ತು. ಎಲ್ಲವನ್ನೂ ಬಳಿದು ಎರಡು ಚೀಲಕ್ಕೆ ತುಂಬಿದರು. "ಇದನ್ನ ಏನ್ ಮಾಡೂದ್ರಿ ಮ್ಯಾಡಂ?" ಎಂದು ಫಕ್ಕೀರಪ್ಪ ಕೇಳಿದ. ಒರೆಸಿದರೆ ಹೋಗಬಹುದು, ಹೋಗದೆಯೂ ಇರಬಹುದು ಎಂದೆ. "ಬಹುದು ಅನ್ನೂದು ಬಜಾರದಾಗ ನಡಿಯೂದಿಲ್ಲರಿ," ಎಂದು ಆ ಎರಡು ಚೀಲ ಪಡಸಾಲೆಯ ಮೂಲೆಗೆ ಬೇರೆ ಇಟ್ಟ. ಆಮೇಲೆ ಸಲಿಕೆ ತಂದು ತಾಯಿ ಸಾರಿಸಿದ ಕಣವನ್ನು ತಾನೇ ಹೆರೆಯತೊಡಗಿದ. ಗೌರವ್ವ ಹೆರೆದ ಮಣ್ಣನ್ನು ಬುಟ್ಟಿಗೆ ತುಂಬಿದಳು, ನಾನು ಹೊತ್ತು ರಸ್ತೆಯ ದಂಡೆಗೇ ಹಾಕಿದೆ. ಬಾಕಿ ಕಾಯಿಯನ್ನೆಲ್ಲ ತಾಡಪತ್ರಿಯ ಮೇಲೆ ಒಣಗಿಸುವುದೆಂದು ಗೊತ್ತಾಯಿತು. ಅವತ್ತೇ ಮೂರೂ ಕಡೆಯ ಮಣ್ಣನ್ನು ಗೌರವ್ವ ತನ್ನ ಕೈಯಿಂದಲೇ ಅಗೆದು ನನ್ನ ಚೀಲಕ್ಕೆ ಹಾಕಿದಳು. ಈ ಸಲ ನಾನು ಕಣ್ಣು ತೆಗೆಯಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಸಂಕ್ರಾಂತಿಗೆ ಮೊದಲು ಕಾಗದ ಬಂತು. ಐದು ಹೆಜ್ಜೆಯ ದಂಡೆ ಕೆಟ್ಟಿತ್ತು, ಐವತ್ತಕ್ಕೆ ಇಳಿದಿತ್ತು, ಇನ್ನೂರರದು ಚೊಕ್ಕ ಮಣ್ಣು. ಅಷ್ಟರಲ್ಲಿ ಫಕ್ಕೀರಪ್ಪ ದಂಡೆಯ ಪಟ್ಟಿಯನ್ನು ಬೀಳುಬಿಟ್ಟು ಮನೆಯ ಹಿಂದೆ, ದೂರದಲ್ಲಿ ಮೆಂತ್ಯ ಹಾಕಿದ್ದ, ಅದು ಗೇಣುದ್ದ ಬಂದಿತ್ತು.

ಹಚ್ಚಿದವಳೇ ಆರಿಸಬೇಕಲ್ಲ. ರುದ್ರಪ್ಪನ ಚಹಾದಂಗಡಿಗೆ ಹೋಗಿ ಎಲ್ಲರೆದುರು ಹೇಳಿದೆ, ನನ್ನದು ತಪ್ಪಾಯಿತು, ಹೊಲ ಚೊಕ್ಕ ಇದೆ. ದಂಡೆಗೆ ಹತ್ತಿದ ಐದಾರು ಹೆಜ್ಜೆ ಮಾತ್ರ ಕೆಟ್ಟಿದೆ, ಅದು ಫಕ್ಕೀರಪ್ಪನದಷ್ಟೇ ಅಲ್ಲ, ಈ ರಸ್ತೆಗೆ ಹತ್ತಿದ ಎಲ್ಲರದೂ ಹಾಗೇ ಇರಬೇಕು, ಆ ಧೂಳನ್ನು ಕಣಕ್ಕೆ ಬಳಸಬೇಡಿ ಅಂತ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. "ಫಕ್ಕೀರಪ್ಪ ಎಷ್ಟ ಕೊಟ್ನರಿ ಮ್ಯಾಡಂ?" ಎಂದು ಬೆಂಚಿನಿಂದ ಒಬ್ಬ ಕೇಳಿದ. ಕಿಸಿಕಿಸಿ ನಕ್ಕರು.

ಗೌರವ್ವ ಬುಟ್ಟಿಯಲ್ಲಿ ಮೆಂತ್ಯದ ಸಿವುಡು ಹೊತ್ತು ನನ್ನ ಪಕ್ಕದಲ್ಲೇ ನಿಂತಿದ್ದಳು. ಎಲ್ಲರೆದುರು ಅವಳ ಬುತ್ತಿಯ ರೊಟ್ಟಿ ಇಸಿದುಕೊಂಡು, ಹಸಿ ಮೆಂತ್ಯದ ಒಂದು ಸಿವುಡನ್ನು ಕೊಡವಿ, ರುದ್ರಪ್ಪನ ಬೆಂಚಿನ ಮೇಲೆ ಕೂತು ತಿಂದೆ. ಕಡೆಯ ದಂಟಿನವರೆಗೂ. ಬಾಯಿ ಕಹಿಯಾಯಿತು. ರುದ್ರಪ್ಪ ಒಂದು ಲೋಟ ನೀರು ಕೊಟ್ಟ. "ನಮ್ಮ ಮನಿಗೂ ಎರಡ ಸಿವುಡ ಕೊಡ ಗೌರವ್ವ," ಎಂದ. ವಾರದೊಳಗೆ ಡಾಬಾದವರೂ ಬಂದರು. ಫಕ್ಕೀರಪ್ಪನ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಉಳಿದವರ ಕಾಯಿಯಂತೆಯೇ ಹೋಯಿತು, ಯಾರೂ ಏನೂ ಕೇಳಲಿಲ್ಲ.

ನನ್ನ ವರದಿಯೂ ಮುಗಿಯಿತು. ಗೌರವ್ವನ ಮೊದಲ ಮೂರು ಚೀಲ ಅದರಲ್ಲಿಲ್ಲ. ಕ್ರಮದ ಪ್ರಕಾರ ತೆಗೆದ ಮಣ್ಣಲ್ಲವಾದ್ದರಿಂದ ಕೈಬಿಡಲಾಗಿದೆ ಎಂದು ಒಂದು ಸಾಲು ಇದೆ. ಆ ವರ್ಷ ನನಗೆ ಸಿಕ್ಕ ಅತಿ ಮುಖ್ಯವಾದ ಸಂಗತಿ ಆ ಕೈಬಿಟ್ಟ ಸಾಲಿನಲ್ಲಿದೆ.

ಯುಗಾದಿಗೆ ಮುಂಚೆ ಗೌರವ್ವ ಮಗನ ಕೈಯಲ್ಲಿ ಒಂದು ಕೈಚೀಲ ಮೆಣಸಿನಕಾಯಿ ಕಳಿಸಿದಳು. "ತಾಡಪತ್ರಿ ಮ್ಯಾಲೆ ಒಣಗಿಸಿದ್ದಂತ ಹೇಳು ಅಂದಾಳ," ಎಂದು ಫಕ್ಕೀರಪ್ಪ ಕೊಟ್ಟು ಹೋದ. ಕಡುಗೆಂಪು, ನೆರಿಗೆ ನೆರಿಗೆಯ ಕಾಯಿ. ಅನ್ವರ್ ಒಂದನ್ನು ಮುರಿದು ಮೂಸಿ "ವಾಹ್" ಎಂದರು. ನನ್ನ ಕಣ್ಣಿಗೆ ಮಾತ್ರ ಪಡಸಾಲೆಯ ಮೂಲೆಯ ಆ ಎರಡು ಚೀಲ ಬಂದವು. ಅವು ಏನಾದವು? ಚೀಲ ಕಟ್ಟಿ ಕೊಡುವಾಗ ಬದಲಿಸಿದ ಕೈ ಇದು. ಒಂದು ಸಲ ಬದಲಿಸಿದವಳು ಇನ್ನೊಂದು ಸಲ ಬದಲಿಸಲಾರಳೇ? ನನಗೆ ನಾಚಿಕೆ ಆಗಲಿಲ್ಲ ಅಂತಲ್ಲ, ಆಯಿತು. ಆದರೂ ಡಬ್ಬಿಗೆ ಸುರಿಯುವ ಮೊದಲು ಒಂದು ಹಿಡಿ ಕಾಯಿ ತೆಗೆದು ಧಾರವಾಡಕ್ಕೆ ಕಳಿಸಿದೆ. ಉಳಿದದ್ದನ್ನು ಯಾರೂ ಮುಟ್ಟದ ಹಾಗೆ ಮೇಲಿನ ಅಟ್ಟಕ್ಕೆ ಏರಿಸಿದೆ.

ಪರೀಕ್ಷೆಯ ಕಾಗದ ಬಂದ ದಿನವೇ, ಕಾಯಿಯಲ್ಲಿ ಸೀಸ ಇಲ್ಲವೆಂದು ಓದಿ ಅದು ಇನ್ನೂ ಕೈಯಲ್ಲಿರುವಾಗಲೇ ಫೋನು ಬಡಿದುಕೊಂಡಿತು. ಗೌರವ್ವ.

"ಯವ್ವಾ, ಪುಡಿ ಕುಟ್ಟಿಸಿದ್ಯೇನು? ಹೆಂಗ ಐತಿ ನಮ್ಮ ಕಾಯಿ?"

"ಚೊಕ್ಕ ಐತ್ರಿ ಅವ್ವಾರ," ಅಂದುಬಿಟ್ಟೆ.



"ಚೊಕ್ಕ ಐತಿ ಅನ್ನೂದು ನನಗ ಗೊತ್ತಿತ್ತವ್ವಾ," ಎಂದಳು. "ನಾ ಕೇಳಿದ್ದು, ಸಾರಿಗೆ ಬಣ್ಣ ಬಂತೇನಂತ."